ಕುನಿಪಾಳ ಬಟ್ಟಲು

ನಮ್ಮ ಮನೆಯಲ್ಲಿ ನೀರನ್ನು ನೀರಾಗಿ ಕುಡಿದವರಿಲ್ಲ. ನೀರು ಕೈಕಾಲಿಗೆ, ಪಾತ್ರೆಗೆ, ಕೋಳಿಗೆ. ಮನುಷ್ಯರಿಗೆ ಚಹಾ. ತೆಗಾಲ್ ಊರಿನಲ್ಲಿ ಮನೆಮನೆಯದೂ ಇದೇ ಕಥೆ, ಆದರೆ ನಮ್ಮ ಅವ್ವ ದಾರ್ಯೆಮ್‌ಳದು ಎಲ್ಲರಿಗಿಂತ ಒಂದು ಕೈ ಮೇಲು. ಅವಳ ಮಣ್ಣಿನ ಪೋಚಿ ಅವಳ ತಾಯಿಯಿಂದ ಬಂದದ್ದು. ಆ ಚಹಾದ ಕುಡಿಕೆಯ ಹೊರಮೈಯನ್ನು ದಿನಾ ಒರೆಸುತ್ತಾಳೆ, ಒಳಗನ್ನು ಮಾತ್ರ ಈವರೆಗೆ ಯಾರೂ ಉಜ್ಜಿಲ್ಲ. ಒಳಗೋಡೆಯಲ್ಲಿ ಕರಿ ಕಟ್ಟಿದೆ. "ರುಚಿ ಇರೋದೇ ಅಲ್ಲಿ. ಉಜ್ಜಿದೋಳ ಕೈ ಮುರೀತೀನಿ" ಎಂದು ಸೊಸೆ ಮನೆಗೆ ಬಂದ ದಿನವೇ ಹೇಳಿಟ್ಟಿದ್ದಳು.

ಮಲ್ಲಿಗೆ ಬೆರೆತ ಎಲೆ, ಕುದಿನೀರು, ಬಟ್ಟಲಿನ ತಳದಲ್ಲಿ ಕಲ್ಲುಸಕ್ಕರೆ. ಕಲಕಕೂಡದು. ಮೊದಲ ಗುಟುಕು ಕಹಿ, ಕೊನೆಯದು ಸಿಹಿ, ಬದುಕೂ ಹಾಗೆಯೇ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ನಾನು ಕಲಕಿಯೇ ಕುಡಿಯುತ್ತೇನೆ. ಮದುವೆಯಾಗದೆ ಅಣ್ಣನ ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುವವಳು ಕೊನೆಯ ಗುಟುಕಿಗಾಗಿ ಕಾಯುತ್ತ ಕೂರುವುದಕ್ಕಾಗುತ್ತದೆಯೇ? ನನ್ನ ಚಮಚದ ಸದ್ದು ಕೇಳಿದಾಗಲೆಲ್ಲ ಅವ್ವ, "ರುಮ್ಯಾತಿ, ಆತುರಗಾರಿ" ಎಂದು ಗೊಣಗುತ್ತಾಳೆ.

ಗುರುವಾರ ಸಂಜೆ ಇನ್ನೊಂದು ಬಟ್ಟಲು ಹೆಚ್ಚು ಬೇಕು. ಅದು ತೀರಿಹೋದವರಿಗೆ. ಗೋಡೆಯ ಮೇಲೆ ನನ್ನ ಅಕ್ಕ ಕುನಿಪಾಳ ಮದುವೆಯ ಫೋಟೋ ಇದೆ. ಅದರ ಕೆಳಗಿನ ಹಲಗೆಯಲ್ಲಿ ಅವ್ವ ಚಹಾ ಇಟ್ಟು, ಪಕ್ಕದಲ್ಲಿ ಎರಡು ಹೂವಿಟ್ಟು, ಸುಮ್ಮನೆ ನಿಂತು ಬರುತ್ತಾಳೆ. ಅಕ್ಕ ಚೊಚ್ಚಲ ಹೆರಿಗೆಯಲ್ಲಿ ಹೋದಳು. ರಕ್ತ ನಿಲ್ಲಲಿಲ್ಲ. ಕೂಸೂ ಉಳಿಯಲಿಲ್ಲ. ದೇವರ ಇಚ್ಛೆ ಎಂದರು ಎಲ್ಲರೂ. ಅವ್ವ ಬಟ್ಟಲಿಡುವುದನ್ನು ಶುರು ಮಾಡಿದಳು.

ಇಂಥ ಮನೆಗೆ ಒಂದು ಸೋಮವಾರ ಬೆಳಿಗ್ಗೆ ಅಣ್ಣನ ಮಗಳು ನಿಕ್ಮಾಳನ್ನು ಸೈಕಲ್ ರಿಕ್ಷಾದಲ್ಲಿ ಒರಗಿಸಿಕೊಂಡು ಅವಳ ಗೆಳತಿಯರು ಬಂದರು. ಎಂಟನೇ ತರಗತಿಯ ಹುಡುಗಿ. ಹೋದ ವರ್ಷ ಮೈನೆರೆದಿದ್ದಳು. ಶಾಲೆಯ ಅಂಗಳದಲ್ಲಿ ಬಾವುಟ ಮೇಲೇರುತ್ತಿದ್ದ ಹಾಗೆ ಇವಳು ಕೆಳಗೆ ಬಿದ್ದಿದ್ದಳು.

"ಮೈಯೊಳಗೆ ಗಾಳಿ ಸೇರಿದೆ" ಅಂದಳು ಅವ್ವ. ಹುಡುಗಿಯನ್ನು ಬೋರಲು ಮಲಗಿಸಿ, ಬೆನ್ನಿಗೆ ಎಣ್ಣೆ ಸವರಿ, ಹಳೆಯ ನಾಣ್ಯದ ಅಂಚಿನಿಂದ ಗೀರತೊಡಗಿದಳು.

"ಅಜ್ಜಿ, ಉರಿಯುತ್ತೆ!"

"ಉರೀಲಿ. ಗಾಳಿ ಹೊರಗೆ ಹೋಗೋದು ಬೇಡ್ವಾ?" ಸ್ವಲ್ಪ ಹೊತ್ತು ಗೀರಿ ಅವ್ವ ನನ್ನನ್ನು ಕರೆದಳು. "ನೋಡೇ ರುಮ್ಯಾತಿ, ಗೆರೆ ಕೆಂಪಗೆ ಏಳ್ತಾನೇ ಇಲ್ಲ. ಗಾಳಿ ಬಹಳ ಒಳಗೆ ಹೋಗಿ ಕೂತಿದೆ."

ಅಷ್ಟರಲ್ಲಿ ಅತ್ತಿಗೆ ಖುಸ್ನಿಯಾ ಓಡಿ ಬಂದಳು. ಬೆಳಗಿನ ಹೊತ್ತು ಬೀದಿ ಮೂಲೆಯಲ್ಲಿ ತೆಂಪೆ, ಅಂದರೆ ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ, ಕರಿದು ಮಾರುವವಳು, ಕೈಯಲ್ಲಿ ಇನ್ನೂ ಜಾಲರಿ ಸೌಟಿತ್ತು.

"ಗಾಳಿ ಅಲ್ಲ ಅವ್ವ. ಹೋದ ತಿಂಗಳೇ ಶಾಲೇಲಿ ಬೆರಳು ಚುಚ್ಚಿ ನೋಡಿದ್ರಂತೆ. ಇವಳಿಗೆ ರಕ್ತ ಕಡಿಮೆ. ಕಬ್ಬಿಣದ ಮಾತ್ರೆ ಕೊಟ್ಟಿದಾರೆ, ವಾರಕ್ಕೊಂದು."

"ಎಲ್ಲಿ ಮಾತ್ರೆ?"

ಮಾತ್ರೆ ನಿಕ್ಮಾಳ ಚೀಲದ ತಳದಲ್ಲಿತ್ತು. ಕೆಂಪಗೆ, ಹಾಳೆಯೊಳಗೆ ಹಾಗೇ, ಒಂದೂ ಒಡೆದಿರಲಿಲ್ಲ.

"ಯಾಕೇ ನುಂಗಿಲ್ಲ?" ಎಂದು ತಾಯಿ ಕೇಳಿದರೆ ಹುಡುಗಿ ದಿಂಬಿನೊಳಗಿಂದಲೇ, "ಅಜ್ಜಿ ಬೇಡ ಅಂದ್ರು" ಅಂದಳು.

"ಹೌದು, ಅಂದೆ!" ಅವ್ವ ನಾಣ್ಯವನ್ನು ನೆಲಕ್ಕೆ ಕುಕ್ಕಿದಳು. "ವಯಸ್ಸಿಗೆ ಬಂದ ಹೆಣ್ಮಕ್ಕಳಿಗೆ ಮಾತ್ರ ಹಂಚೋ ಮಾತ್ರೆ ಅಂದ್ರೆ ಏನರ್ಥ? ಗಂಡು ಹುಡುಗ್ರಿಗೆ ಯಾಕೆ ಕೊಡಲ್ಲ? ನಾಳೆ ಇವಳ ಮಡಿಲು ತುಂಬದೆ ಹೋದ್ರೆ ಆ ಮೇಷ್ಟ್ರು ಬಂದು ಉತ್ತರ ಕೊಡ್ತಾರಾ?"

"ಮಡಿಲು ಆಮೇಲೆ ನೋಡೋಣ. ಈಗ ಹುಡುಗಿ ನಿಂತಲ್ಲಿ ನಿಲ್ತಾ ಇಲ್ವಲ್ಲ!"

ರಾತ್ರಿ ಊಟಕ್ಕೆ ಅನ್ನ, ಹುರಿದ ಬಸಳೆಯಂಥ ಸೊಪ್ಪು, ತೆಂಪೆ, ಎಲ್ಲರ ಮುಂದೆ ಚಹಾ. ಅಣ್ಣ ಕಸ್ಮಾದಿ ಲೇತ್ ಷೆಡ್ಡಿನಲ್ಲಿ ದುಡಿಯುವವನು. ಎಷ್ಟು ಸ್ನಾನ ಮಾಡಿದರೂ ಅವನ ಕಿವಿಯ ಹಿಂದೆ ಕಬ್ಬಿಣದ ಪುಡಿ ಮಿಂಚುತ್ತದೆ. ಅವ್ವ ಅವನ ತಟ್ಟೆಗೆ ಅನ್ನ ಬಡಿಸುತ್ತ ಚುಚ್ಚಿದಳು: "ದಿನವಿಡೀ ಕಬ್ಬಿಣ ಕೊರೀತೀಯ. ನಿನ್ನ ಮಗಳ ಮೈಯಲ್ಲೇ ಕಬ್ಬಿಣ ಇಲ್ವಂತೆ!"

"ನಾಳೆಯಿಂದ ನನ್ನ ಬನಿಯನ್ ಹಿಂಡಿ ಕುಡಿಸವ್ವ."

ನಿಕ್ಮಾ ನಕ್ಕಳು. ಖುಸ್ನಿಯಾ ನಗಲಿಲ್ಲ. "ಶನಿವಾರ ಊರ ಸಭಾಂಗಣದಲ್ಲಿ ಅಪ್ಪ ಅಮ್ಮಂದಿರಿಗೇ ಪಾಠ ಇಟ್ಟಿದಾರೆ. ಬಿದಾನ್ ಬರ್ತಾರೆ. ನೀವೂ ಬರ್ಬೇಕು" ಅಂದಳು ಗಂಡನಿಗೆ. ಬಿದಾನ್ ಎಂದರೆ ಸರಕಾರಿ ಸೂಲಗಿತ್ತಿ. ಹೆರಿಗೆಯಿಂದ ಹಿಡಿದು ಚುಚ್ಚುಮದ್ದಿನವರೆಗೆ ಊರ ಹೆಂಗಸರೆಲ್ಲ ಅವರ ಕೈಯಲ್ಲೇ.

"ಮಕ್ಕಳಿಗೆ ಪಾಠ ಸಾಲದು ಅಂತ ಈಗ ಅಪ್ಪಂದಿರಿಗೂನಾ?" ಅಂದ ಅಣ್ಣ.

"ಅಲ್ಲಿ ಚಹಾ ಯಾರು ಮಾಡ್ತಾರೆ?" ಎಂದು ಕೇಳಿದಳು ಅವ್ವ. ಯಾರಿಗೂ ಗೊತ್ತಿರಲಿಲ್ಲ. "ಹಾಗಿದ್ರೆ ನಾನೂ ಬರ್ತೀನಿ."

ಬಿದಾನ್ ಹೆಸ್ತಿ ಚಿಕ್ಕ ವಯಸ್ಸಿನವರು. ಸೆಮರಾಂಗಿನಲ್ಲಿ ಓದಿ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಆದರೆ ಮಾತಿಗೆ ನಿಂತರೆ ಹಿಂದಿನ ಸಾಲಿನಲ್ಲಿ ಸಿಗರೇಟು ಸುತ್ತುವ ಗಂಡಸರೂ ಕೈ ನಿಲ್ಲಿಸಬೇಕು, ಅಂಥ ಗಂಟಲು.

"ಕೂಸಿದ್ದಾಗ ತಿಂಗಳು ತಿಂಗಳೂ ಎತ್ಕೊಂಡು ಬಂದು ತೂಕ ಹಾಕಿಸ್ತಿದ್ರಿ" ಎಂದರು. "ಹತ್ತು ವರ್ಷ ತುಂಬ್ತು ಅಂದ್ರೆ ಒಬ್ರೂ ಕರ್ಕೊಂಡು ಬರಲ್ಲ. ಬಿದ್ರೆ ಬರ್ತೀರಿ. ಬೀಳೋ ಮುಂಚೆ ಯಾಕೆ ಬರಲ್ಲ? ಈ ವಯಸ್ಸಲ್ಲಿ ಮೈ ಎರಡನೇ ಸಲ ಹುಟ್ಟುತ್ತೆ. ಮೂಳೆ ಹೊಸದು, ರಕ್ತ ಹೊಸದು, ಮನಸ್ಸೂ ಹೊಸದು. ನಿಮ್ಮ ಮನೆ ಮೂಲೇಲಿ ಮುಖ ಊದಿಸ್ಕೊಂಡು ಕೂತಿರೋ ಮಗು ಒಳಗೊಳಗೇ ಇಷ್ಟೆಲ್ಲ ಕೆಲಸ ಮಾಡ್ತಾ ಇದೆ."

ಮೈ ಎರಡನೇ ಸಲ ಹುಟ್ಟುತ್ತದೆ! ನಾನು ಆ ಮಾತಿಗೆ ಬೆರಗಾಗಿ ಕೂತೆ. ನಿಕ್ಮಾ ಹದಿನಾಲ್ಕರ ಹುಡುಗಿ, ತಲೆ ಬಾಚಿಕೊಳ್ಳುವುದಕ್ಕೂ ಸೋಮಾರಿ ಎಂದುಕೊಂಡಿದ್ದೆನಲ್ಲ. ಅವಳೊಳಗೆ ಹಗಲೂ ರಾತ್ರಿ ಮನೆ ಕಟ್ಟುವ ಕೆಲಸ ನಡೆಯುತ್ತಿದೆ, ನಾವು ಇಟ್ಟಿಗೆಯನ್ನೇ ಒದಗಿಸಿಲ್ಲ.

"ರಕ್ತ ಇಲ್ಲದ ಹುಡುಗಿ ರಕ್ತ ಇಲ್ಲದ ಮದುಮಗಳಾಗ್ತಾಳೆ" ಎಂದರು ಹೆಸ್ತಿ. "ಹೆರಿಗೆ ದಿನ ರಕ್ತ ಎಲ್ರಿಗೂ ಹೋಗುತ್ತೆ. ಕೂಡಿಟ್ಕೊಂಡೋರು ತಡ್ಕೋತಾರೆ. ಇಲ್ಲದೋರು..."

ಹಿಂದೆ ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಅವ್ವನ ಕೈಯಲ್ಲಿ ಬಟ್ಟಲುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನಾನು ತಿರುಗಿ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

ಆಮೇಲೆ ಚಹಾ ಬಂತು, ಖುಸ್ನಿಯಾಳ ಬಿಸಿ ತೆಂಪೆ ಬಂತು, ಹಸಿಮೆಣಸಿನಕಾಯಿ ಬಂತು. ಸಭೆ ಎದ್ದು ನಿಂತಿತು. ಹೆಸ್ತಿ ಮಾತ್ರೆಯನ್ನು ಹೇಗೆ ನುಂಗಿಸಬೇಕು ಎಂದು ಕೊನೆಯ ಮಾತು ಹೇಳುತ್ತಲೇ ಇದ್ದರು, ಅವರ ಬಾಯಿ ಆಡುವುದು ಕಾಣುತ್ತಿತ್ತು. ನಮ್ಮ ಗಲ್ಲಿಯವರಲ್ಲಿ ಒಬ್ಬರ ಕಿವಿಗೂ ಅದು ಬೀಳಲಿಲ್ಲ. ತೆಗಾಲಿನವರ ಎದುರಿಗೆ ಚಹಾ ಇಟ್ಟು ಪಾಠ ಮುಂದುವರಿಸುವುದು ಹೊಸಬರು ಮಾಡುವ ತಪ್ಪು.

ಮನೆಗೆ ಬಂದ ಅವ್ವ ಸೆರಗಿನಿಂದ ಬೆವರನ್ನೂ ಒರೆಸಿಕೊಳ್ಳದೆ ಅಪ್ಪಣೆ ಕೊಟ್ಟಳು: "ಶುಕ್ರವಾರದ ಮಾತ್ರೇನ ನಿಕ್ಮಾ ನನ್ನ ಕೈಯಿಂದಲೇ ನುಂಗ್ಬೇಕು. ಬಾಯಿ ತೆಗೆಸಿ ನೋಡ್ತೀನಿ."

ಖುಸ್ನಿಯಾ ನನ್ನ ಕಡೆ ನೋಡಿದಳು. ಇಷ್ಟು ಬೇಗ ಗೆಲ್ಲುತ್ತೇನೆಂದು ಅವಳು ಎಣಿಸಿರಲಿಲ್ಲ.

ಅವ್ವ ಯಾವುದನ್ನೂ ಅರ್ಧಂಬರ್ಧ ಮಾಡಿದವಳಲ್ಲ. ಮೊದಲ ಶುಕ್ರವಾರ ನಿಕ್ಮಾ ಒಬ್ಬಳೇ. ಮುಂದಿನ ಶುಕ್ರವಾರ ಪಕ್ಕದ ಮನೆಯ ಹುಡುಗಿ. ಅದರ ಮುಂದಿನ ವಾರ ಗಲ್ಲಿಯ ಹೆಣ್ಣುಮಕ್ಕಳೆಲ್ಲ ಶಾಲೆ ಬಿಟ್ಟ ಕೂಡಲೇ ಮಾತ್ರೆ ಹಿಡಿದು ನಮ್ಮ ಜಗಲಿಯಲ್ಲಿ ಸಾಲಾಗಿ ಕೂತರು. ಅವ್ವ ಹಬ್ಬಕ್ಕೆಂದು ಎತ್ತಿಟ್ಟ ಒಳ್ಳೆಯ ಎಲೆ ತೆಗೆದಳು, ಪೋಚಿ ತುಂಬ ಗಟ್ಟಿಯಾಗಿ ಇಳಿಸಿದಳು.

"ಮಾತ್ರೆ ಹೊಟ್ಟೇಲಿ ಚುಚ್ಚಬಾರ್ದು ಅಂದ್ರೆ ಚಹಾ ದಪ್ಪಗಿರ್ಬೇಕು" ಎಂದು ಅವರಿಗೆ ಉಪದೇಶ. "ನುಂಗಿ. ಬಟ್ಟಲು ಖಾಲಿಯಾಗೋವರೆಗೂ ಯಾರೂ ಏಳೋ ಹಾಗಿಲ್ಲ. ಹೆಣ್ಣಿನ ಮೈ ಎರಡು ಸಲ ಹುಟ್ಟುತ್ತೆ, ಗೊತ್ತಾ?"

ಹೆಸ್ತಿಯ ಮಾತನ್ನು ಅವ್ವ ತನ್ನದೇ ಎಂಬಂತೆ ಹೇಳುವುದು ಕೇಳಿ ನಾನು ಹೊಲಿಗೆ ಯಂತ್ರದ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದೆ. ನಿಜ ಹೇಳಬೇಕೆಂದರೆ ಹೆಮ್ಮೆಯೂ ಆಗುತ್ತಿತ್ತು. ಮಾತ್ರೆಯನ್ನು ಚೀಲದಲ್ಲಿ ಅಡಗಿಸಲು ಹೇಳಿಕೊಟ್ಟವಳು ಈಗ ಗಲ್ಲಿಗೇ ಗುರು.

ಆದರೆ ವಾರಗಳು ಉರುಳಿದರೂ ನಿಕ್ಮಾ ಹಾಗೆಯೇ ಇದ್ದಳು. ಶಾಲೆಯ ದಾರಿಯಲ್ಲಿ ರೈಲು ಹಳಿ ದಾಟುವ ಮೇಲ್ಸೇತುವೆ ಇದೆ. ಓರಗೆಯವರೆಲ್ಲ ಸೈಕಲ್ಲಿನ ಮೇಲೆ ಎದ್ದು ನಿಂತು ತುಳಿದು ಹತ್ತಿಬಿಡುತ್ತಾರೆ, ಇವಳು ಇಳಿದು ತಳ್ಳುತ್ತಾಳೆ. ಸಂಜೆ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ. ಬಟ್ಟಲು ತೊಳೆಯಲು ಕೂತವಳು ಅಲ್ಲೇ ಗೋಡೆಗೊರಗಿ ನಿದ್ದೆ. ಮತ್ತೊಂದು ಸೋಮವಾರ ಮತ್ತೆ ರಿಕ್ಷಾ ಬಂತು.

ಆ ದಿನದ ಊಟಕ್ಕೆ ಖುಸ್ನಿಯಾ ಮೊಟ್ಟೆ ಬೇಯಿಸಿದ್ದಳು. ಮಗಳ ತಟ್ಟೆಗೆ ಒಂದನ್ನು ಹಾಕಿ, ಸಿಟ್ಟಿನಿಂದ ಇನ್ನೊಂದನ್ನೂ ಹಾಕಿದಳು.

"ನಿಜ ಹೇಳು. ಮಾತ್ರೆ ಉಗೀತೀಯಾ?"

"ಇಲ್ಲಮ್ಮ."

"ದಪ್ಪ ಆಗ್ತೀನಿ ಅಂತ ಹೆದರ್ಕೊಂಡು ಉಗೀತೀಯ! ನಿನ್ನ ಗೆಳತೀರ ಬುದ್ಧಿ ನನಗೆ ಗೊತ್ತಿಲ್ವಾ?"

"ಅಜ್ಜಿ ನಾಲಗೆ ಎತ್ತಿಸಿ ನೋಡ್ತಾರಮ್ಮ! ಎಲ್ಲಿ ಉಗೀಲಿ?" ಹುಡುಗಿಯ ಕಣ್ಣಿನಲ್ಲಿ ನೀರು ತುಂಬಿತು.

"ನನ್ನ ಕಣ್ಮುಂದೆ ನುಂಗಿದಾಳೆ" ಎಂದಳು ಅವ್ವ. "ಹುಡುಗೀನ ಸುಳ್ಳಿ ಅಂದ್ರೆ ನನ್ನನ್ನೇ ಅಂದ ಹಾಗೆ."

"ನಾನು ಯಾರನ್ನೂ ಏನೂ ಅನ್ನಲ್ಲ ಅವ್ವ. ಕೋಳಿಗೆ ಕಾಳು ಹಾಕಿದ್ರೂ ತಿಂಗಳಿಗೆ ಬಲೀತಾವೆ. ಇವಳ ತುಟಿ ನೋಡಿ, ಸುಣ್ಣ ಬಳಿದ ಹಾಗಿದೆ. ಕುನಿಪಾ ಅತ್ತಿಗೆ ಮದ್ವೆ ಫೋಟೋದಲ್ಲೂ ತುಟಿ ಹೀಗೇ..."

ಮಾತು ತುಟಿ ಮೀರಿ ಬಂದಿತ್ತು, ಖುಸ್ನಿಯಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವ್ವ ಎದ್ದುಹೋಗಿ ಫೋಟೋ ಮುಂದೆ ನಿಂತಳು. ಗುರುವಾರವಲ್ಲದ ದಿನ ಅವಳು ಅಲ್ಲಿ ನಿಂತದ್ದನ್ನು ನಾನು ಕಂಡಿರಲಿಲ್ಲ. ವಾಪಸು ಬಂದು ಮಗನಿಗೆ ಹೇಳಿದಳು: "ಆ ಬಿದಾನ್‌ನ ನಮ್ಮನೆಗೆ ಕರೆಸು. ಮಾತ್ರೇಲಿ ಏನಿದೆ ಅಂತ ಕೇಳ್ಬೇಕು ನಾನು."

ಕರೆಸುವ ಅಗತ್ಯ ಬೀಳಲಿಲ್ಲ. ಶಾಲೆಯಲ್ಲಿ ಮತ್ತೆ ಎಲ್ಲರ ಬೆರಳು ಚುಚ್ಚಿದ್ದರು, ಹೆಸ್ತಿ ತಾವಾಗಿಯೇ ಶುಕ್ರವಾರ ಸಂಜೆ ಸ್ಕೂಟರಿನಲ್ಲಿ ಬಂದರು.

"ಎಂಬಾ ದಾರ್ಯೆಮ್" ಎಂದರು, ನಮ್ಮಲ್ಲಿ ಅಜ್ಜಿಯಂದಿರನ್ನು ಕರೆಯುವ ಹಾಗೆ. "ಒಂದು ವಿಚಿತ್ರ ಆಗಿದೆ. ಬೇರೆ ಗಲ್ಲಿ ಹುಡುಗೀರಿಗೆಲ್ಲ ರಕ್ತ ಏರ್ತಾ ಇದೆ. ನಿಮ್ಮ ಗಲ್ಲಿಯೋರು ಮಾತ್ರ ಇದ್ದಲ್ಲೇ ಇದಾರೆ. ಆದ್ರೆ ಒಂದು ವಾರಾನೂ ತಪ್ಪಿಸದೆ ನುಂಗ್ತಿರೋರು ನಿಮ್ಮ ಗಲ್ಲಿಯೋರೇ ಅಂತೆ."

"ತಪ್ಪಿಸೋಕೆ ನಾನು ಬಿಟ್ಟಿದ್ರೆ ತಾನೇ? ಕೂತ್ಕೊಳ್ಳಿ, ಚಹಾ ತಗೊಳ್ಳಿ. ಹುಡುಗೀರು ಬರೋ ಹೊತ್ತಾಯ್ತು."

ಹುಡುಗಿಯರು ಬಂದು ಸಾಲಾಗಿ ಕೂತರು. ಬಟ್ಟಲುಗಳು ಬಂದವು. ಮಲ್ಲಿಗೆಯ ಘಮ ಜಗಲಿಯ ತುಂಬ ಹರಡಿತು. ನಿಕ್ಮಾ ಮಾತ್ರೆಯನ್ನು ನಾಲಗೆಯ ಮೇಲಿಟ್ಟು ಬಟ್ಟಲು ಎತ್ತಿದಳು.

"ತಾಳು!" ಎಂದು ಹೆಸ್ತಿ ಕೂಗಿದ ರಭಸಕ್ಕೆ ಅಂಗಳದ ಕೋಳಿ ಹಾರಿತು.

ಅವರು ಬೈಯಲಿಲ್ಲ. ತಮ್ಮ ಚೀಲದಿಂದ ಒಂದು ಮಾತ್ರೆ ತೆಗೆದು ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡಿಸಿದರು. ಎರಡು ಗಾಜಿನ ಲೋಟ ಕೇಳಿದರು. ಒಂದಕ್ಕೆ ಕೊಡದ ನೀರು, ಇನ್ನೊಂದಕ್ಕೆ ಅವ್ವನ ಚಹಾ. ಎರಡಕ್ಕೂ ಚಿಟಿಕೆ ಪುಡಿ ಹಾಕಿ ಕಲಕಿದರು.

ನೀರು ಕೊಂಚ ತುಕ್ಕಿನ ಬಣ್ಣಕ್ಕೆ ತಿರುಗಿತು, ಅಷ್ಟೆ. ಚಹಾ ಕಪ್ಪಾಯಿತು. ಮೊದಲು ಅಂಚು, ಆಮೇಲೆ ನಡು, ನೋಡನೋಡುತ್ತಿದ್ದ ಹಾಗೆ ಜೇನಿನ ಬಣ್ಣದ ಆ ಚಹಾ ಕಾಡಿಗೆಯಾಗಿ ಹೋಯಿತು. ಲೋಟದ ಆಚೆಗಿದ್ದ ಹೆಸ್ತಿಯ ಬೆರಳು ಕಾಣದಾಯಿತು. ಹುಟ್ಟಿದಾಗಿನಿಂದ ಕುಡಿದ ಚಹಾ, ಅದರೊಳಗೆ ಇಂಥದೊಂದು ಕತ್ತಲೆ ಇದೆಯೆಂದು ನನಗೇನು ಗೊತ್ತು?

"ಮಸಿ!" ಎಂದಳು ನಿಕ್ಮಾ.

"ಮಸೀನೇ" ಎಂದರು ಹೆಸ್ತಿ. "ಚಹಾದ ಒಗರು ಕಬ್ಬಿಣ ಕಂಡ್ರೆ ಬಿಗಿಯಾಗಿ ಹಿಡ್ಕೊಂಡ್ಬಿಡುತ್ತೆ. ಹೊಟ್ಟೇಲೂ ಇದೇ ಆಗೋದು. ಮೈಗೆ ಸೇರೋಕೆ ಬಿಡಲ್ಲ, ಬಹುಪಾಲು ಹಾಗೇ ಹೊರಗೆ ಹೋಗುತ್ತೆ. ಸೊಪ್ಪಿನ ಕಬ್ಬಿಣ, ತೆಂಪೆ ಕಬ್ಬಿಣ, ಎಲ್ಲದಕ್ಕೂ ಇದೇ ಗತಿ. ಸಭೇಲಿ ಹೇಳಿದ್ನಲ್ಲ, ಚಹಾ ಜೊತೆ ಬೇಡ ಅಂತ?"

"ಯಾವಾಗ ಹೇಳಿದ್ರಿ?" ಎಂದಳು ಖುಸ್ನಿಯಾ.

"ಕೊನೇಲಿ. ನೀವೆಲ್ಲ ಚಹಾಗೆ ಎದ್ರಲ್ಲ, ಆಗ."

ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು ನಮ್ಮ ಶುಕ್ರವಾರಗಳ ಕಥೆ. ಅವ್ವ ಕಪ್ಪು ಲೋಟದೊಳಗೆ ತೋರುಬೆರಳು ಅದ್ದಿ, ಎತ್ತಿ, ನೋಡಿಕೊಂಡಳು.

"ಬೇಲೀನೇ ಎದ್ದು ಹೊಲ ಮೇಯ್ತಲ್ಲೇ ರುಮ್ಯಾತಿ" ಅಂದಳು ನನಗೆ ಮಾತ್ರ ಕೇಳುವ ಹಾಗೆ.

ಆ ದಿನದಿಂದ ಅವಳು ಪೋಚಿ ಮುಟ್ಟಲಿಲ್ಲ. ನಮ್ಮ ಮನೆಯ ಒಲೆಯ ಮೇಲೆ ಚಹಾದ ನೀರು ಕುದಿಯಲಿಲ್ಲ. ಅಣ್ಣ ಷೆಡ್ಡಿನ ಪಕ್ಕದ ಅಂಗಡಿಯಲ್ಲಿ ಕದ್ದು ಕುಡಿದು ಬಂದು ಬಾಯಿ ಮುಕ್ಕಳಿಸುತ್ತಿದ್ದ. ನನಗೆ ತಲೆನೋವು. ಗುರುವಾರ ಬಂತು, ಕುನಿಪಾಳ ಹಲಗೆಯ ಮೇಲೆ ಹೂವು ಮಾತ್ರ ಇತ್ತು, ಬಟ್ಟಲಿರಲಿಲ್ಲ. ಬೆರಳ ತುದಿಯ ಕಲೆಯನ್ನು ಅವ್ವ ಬೂದಿ ಹಾಕಿ ಉಜ್ಜಿದಳು, ನಿಂಬೆ ಹಾಕಿ ಉಜ್ಜಿದಳು. ಕೊನೆಗೆ ಹೋಯಿತು, ಆದರೂ ಉಜ್ಜುವುದನ್ನು ಬಿಡಲಿಲ್ಲ.

"ಊಟ ಮಾಡಿ ಅವ್ವ. ಬೇಕು ಅಂತ ಮಾಡಿದ್ರಾ?" ಎಂದು ಖುಸ್ನಿಯಾ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು. ಅತ್ತೆ ಸೊಸೆ ಇಷ್ಟು ಹತ್ತಿರ ಕೂತದ್ದು ಅಪರೂಪ. "ನಾನೂ ಅದೇ ಚಹಾ ಕುಡಿಸ್ದೋಳೇ ಅಲ್ವಾ?"

"ನನ್ನ ಮಗಳು ಬಸುರಿ ಇದ್ದಾಗ" ಎಂದಳು ಅವ್ವ, "ವಾಕರಿಕೆ ಅಂತ ಅನ್ನ ಮುಟ್ತಿರ್ಲಿಲ್ಲ. ಚಹಾ ಕೊಡ್ತಿದ್ದೆ. ಎಷ್ಟು ಕೇಳಿದ್ರೆ ಅಷ್ಟು."

ಖುಸ್ನಿಯಾ ತಟ್ಟೆ ಕೆಳಗಿಟ್ಟು ಅತ್ತೆಯ ಕೈ ಹಿಡಿದುಕೊಂಡಳು.

ಮುಂದಿನ ವಾರ ಹೆಸ್ತಿ ನಮ್ಮ ಗಲ್ಲಿಯ ಅಪ್ಪ ಅಮ್ಮಂದಿರನ್ನು ಆರೋಗ್ಯ ಕೇಂದ್ರಕ್ಕೆ ಕರೆದರು. ಈ ಸಲ ಚಹಾ ಇಲ್ಲದ ಪಾಠ. ಪ್ರಯೋಗಾಲಯದ ಮೇಜಿನ ಮೇಲೆ ಸೂಕ್ಷ್ಮದರ್ಶಕವಿತ್ತು, ಪಕ್ಕದಲ್ಲಿ ಗಾಜಿನ ಪಟ್ಟಿಗಳು. ಒಂದರಲ್ಲಿ ನಿಕ್ಮಾಳ ರಕ್ತದ ಹನಿ, ಇನ್ನೊಂದರಲ್ಲಿ ಅವ್ವನದು. ಅವ್ವ ಬೆರಳು ಚುಚ್ಚಿಸಿಕೊಂಡದ್ದೇ ಒಂದು ಕಥೆ, ಅದು ಬೇರೆ.

ಅಣ್ಣ ಮೊದಲು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಏನು ಕಾಣುತ್ತೆ ಪಾ ಕಸ್ಮಾದಿ?" ಎಂದರು ಹೆಸ್ತಿ, ಗಂಡಸರನ್ನು ಗೌರವದಿಂದ ಕರೆಯುವ ಹಾಗೆ.

"ವಾಷರ್" ಎಂದ ಅಣ್ಣ. "ಸಾವಿರಾರು ವಾಷರ್. ಸುತ್ತ ತೆಳ್ಳಗೆ ಒಂದು ಅಂಚು, ನಡುವೆ ಬರೀ ಖಾಲಿ." ಆಮೇಲೆ ಇನ್ನೊಂದು ಪಟ್ಟಿ ನೋಡಿ ಉಸಿರು ಬಿಟ್ಟ. "ಇವು ತುಂಬಿದಾವೆ. ತಟ್ಟೆ ಹಾಗೆ. ದೇವರೇ, ಯಾವ ಲೇತಲ್ಲಿ ಕೊರೆದ್ರು ಇವನ್ನ? ಒಂದೂ ಸೊಟ್ಟ ಇಲ್ವಲ್ಲ!"

ಅವ್ವ ಕನ್ನಡಕ ತೆಗೆದು ಬಗ್ಗಿದಳು. ಅವಳ ಬಾಯಿ ತಾನಾಗಿ ತೆರೆಯಿತು. ನನಗೂ ಒಂದು ಸರದಿ ಸಿಕ್ಕಿತು, ಅದನ್ನು ಹೇಗೆ ಹೇಳಲಿ? ಗುಲಾಬಿ ಬಣ್ಣದ ಸಣ್ಣ ಸಣ್ಣ ದುಂಡುಗಳು, ಗುಂಪು ಗುಂಪಾಗಿ, ಒಂದರ ಪಕ್ಕ ಒಂದು. ನಮ್ಮ ಹುಡುಗಿಯ ಒಂದು ಹನಿಯಲ್ಲಿ ಇಡೀ ಊರೇ ಇತ್ತು, ಆ ಊರಿನ ಮನೆಗಳೆಲ್ಲ ಖಾಲಿ ಬಿದ್ದಿದ್ದವು. ನಾನು ಅಳುತ್ತಿದ್ದೇನೆಂದು ಗಾಜು ಮಂಜಾದ ಮೇಲೆಯೇ ತಿಳಿದದ್ದು.

"ನಾನೂ ಅದೇ ಚಹಾ ಕುಡಿದೋಳು" ಎಂದಳು ಅವ್ವ. "ನನ್ನದು ಯಾಕೆ ತುಂಬಿದೆ?"

"ನಿಮಗೆ ತಿಂಗಳ ರಕ್ತ ಹೋಗೋದು ನಿಂತು ಎಷ್ಟು ಕಾಲ ಆಯ್ತು ಎಂಬಾ? ಖರ್ಚಿಲ್ಲ, ಅದಕ್ಕೇ ಉಳಿದಿದೆ. ಇವಳಿಗೆ ತಿಂಗಳು ತಿಂಗಳೂ ಖರ್ಚು, ಜೊತೆಗೆ ಮೈ ಬೆಳೀಬೇಕು."

ಅವ್ವ ಹೆಸ್ತಿಯ ಹತ್ತಿರಕ್ಕೆ ಸರಿದಳು. ಉಳಿದವರೆಲ್ಲ ಅವಳ ಬೆನ್ನ ಹಿಂದೆ ಇದ್ದರು. "ನನ್ನ ದೊಡ್ಡ ಮಗಳು ಹೆರಿಗೇಲಿ ಹೋದ್ಲು. ಅವಳದೂ ಹೀಗೇ ಖಾಲಿ ಇತ್ತಾ?"

ಹೆಸ್ತಿ ಸುಳ್ಳು ಹೇಳಬಹುದಿತ್ತು. "ನನಗೆ ಗೊತ್ತಿಲ್ಲ ಎಂಬಾ" ಎಂದರು. "ಇದ್ದಿರಬಹುದು. ಹೆರಿಗೇಲಿ ರಕ್ತ ನಿಲ್ಲದೆ ಹೋಗೋಕೆ ಎಷ್ಟೋ ಕಾರಣ. ಚಹಾ ಕೊಟ್ಟು ಮಗಳನ್ನ ಕಳ್ಕೊಂಡೆ ಅಂತ ಮಾತ್ರ ಅನ್ಕೋಬೇಡಿ. ಚಹಾ ವಿಷ ಅಲ್ಲ. ಊಟ ಆಗಿ, ಮಾತ್ರೆ ಆಗಿ, ಒಂದೆರಡು ಗಂಟೆ ಬಿಟ್ಟು ಧಾರಾಳವಾಗಿ ಕುಡೀಲಿ. ಮೊದಲು ಯಾವುದು, ಆಮೇಲೆ ಯಾವುದು, ಅಷ್ಟೇ ವಿಷಯ."

"ಅಷ್ಟೇನಾ?"

"ಅಷ್ಟೇ."

"ಅಷ್ಟೇ ವಿಷಯ ಯಾರೂ ನಮಗೆ ಹೇಳ್ಲಿಲ್ವಲ್ಲ ತಾಯಿ, ಆಗ" ಎಂದಳು ಅವ್ವ.

ಮರುದಿನ ಸಂತೆಯಿಂದ ಬರುವಾಗ ಅವಳ ಕಂಕುಳಲ್ಲಿ ಹೊಸ ಪೋಚಿಯಿತ್ತು. ಕೆಂಪು ಮಣ್ಣಿನದು. ಅದರೊಳಗೆ ಕಾಯಿಸಿ ಆರಿಸಿದ ನೀರು ತುಂಬಿದಳು. ಶುಕ್ರವಾರ ಅದೇ ತಟ್ಟೆ, ಅದೇ ಬಟ್ಟಲುಗಳು, ಅದೇ ಬಿಳಿ ಬಟ್ಟೆ ಹಾಸು. ಕಲ್ಲುಸಕ್ಕರೆಯ ಜಾಗದಲ್ಲಿ ಹೆಚ್ಚಿದ ಸೀಬೆಹಣ್ಣು. ಸೀಬೆಯಂಥ ಹಣ್ಣು ಕಬ್ಬಿಣಕ್ಕೆ ದಾರಿ ಬಿಡಿಸುತ್ತದೆಂದು ಹೆಸ್ತಿ ಹೇಳಿದ್ದರು. ಹುಡುಗಿಯರು ಬಟ್ಟಲಿನೊಳಗೆ ಇಣುಕಿ ಒಬ್ಬರನ್ನೊಬ್ಬರು ತಿವಿದರು.

"ಮೊದಲು ಇದು ಕುಡೀರಿ" ಎಂದಳು ಅವ್ವ. "ಚಹಾ ಆಮೇಲೆ."

ಬೇಲಿಯಾಚೆಯಿಂದ ನೆರೆಯವಳು ಕತ್ತು ಚಾಚಿದಳು. "ಏನು ಎಂಬಾ, ಬಂದೋರಿಗೆ ಬರೀ ನೀರು ಕೊಡೋ ಕಾಲ ಬಂತಾ ನಿ‌ಮ್ಮನೇಗೆ?"

"ಬಂತಮ್ಮ. ನಿನ್ನ ಮಗಳ ಕೆಳರೆಪ್ಪೆ ಎಳೆದು ನೋಡು, ಒಳಗೆ ಕೆಂಪಿದ್ರೆ ಬಂದು ಮಾತಾಡು. ಬೆಳ್ಳಗಿದ್ರೆ ಅವಳನ್ನ ಇಲ್ಲಿಗೆ ಕಳಿಸು."

ನೆರೆಯವಳು ಮರುವಾರ ಮಗಳನ್ನು ಕಳಿಸಿದಳು.

ರಕ್ತ ಏರುವುದನ್ನು ಕಣ್ಣಿನಿಂದ ನೋಡಲಾಗದು, ಹಣ್ಣು ಮಾಗುವುದನ್ನು ನೋಡಲಾಗದ ಹಾಗೆ. ಒಂದು ದಿನ ನಿಕ್ಮಾ ಸಂಜೆ ನಿದ್ದೆ ಮಾಡಲಿಲ್ಲ. ಇನ್ನೊಂದು ದಿನ ತಾಯಿಗೆ ಎದುರು ಮಾತಾಡಿದಳು, ಅದೂ ಎರಡು ಸಲ, ಮತ್ತು ಖುಸ್ನಿಯಾ ಬೈಯುತ್ತಲೇ ನನ್ನ ಕಡೆ ತಿರುಗಿ ನಕ್ಕಳು. ಒಂದು ಸೋಮವಾರ ಬಾವುಟ ತುದಿ ಮುಟ್ಟುವವರೆಗೂ ನಿಂತು ಬಂದಳು. ಆಮೇಲೆ ಒಂದು ಬೆಳಿಗ್ಗೆ ಅಣ್ಣ ಷೆಡ್ಡಿಗೆ ಹೊರಟವನು ಅರ್ಧ ದಾರಿಯಿಂದ ಓಡಿ ಬಂದ.

"ಸೇತುವೆ! ಇಳೀಲೇ ಇಲ್ಲ ಕಣೇ! ಎದ್ದು ನಿಂತು ತುಳಿದ್ಲು, ಮೇಲೆ ಹೋಗಿ ಗಂಟೆ ಬೇರೆ ಬಾರಿಸಿದ್ಲು!" ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಬಿದ್ದದ್ದನ್ನ ಎತ್ತಿ ನಿಲ್ಸೋದು ನನಗೆ ಗೊತ್ತು. ಇದು ಒಳಗಿಂದ ತಾನಾಗೇ ಎದ್ದು ನಿಲ್ತಲ್ಲವ್ವಾ."

ಅವ್ವ ಸಂಜೆಯವರೆಗೆ ಕಾದು, ನಿಕ್ಮಾಳನ್ನು ಬೆಳಕಿಗೆ ಕರೆದು, ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಳು. ನಾವೆಲ್ಲ ಬಗ್ಗಿದೆವು. ದಾಳಿಂಬೆಯ ಕಾಳಿನ ಕೆಂಪು. ಮಗುವಿನ ಕಣ್ಣಂಚಿನಷ್ಟು ಚಿಕ್ಕ ಜಾಗ, ಅದನ್ನು ನೋಡುತ್ತ ಮನೆಮಂದಿಯೆಲ್ಲ ನಿಂತೇ ಇದ್ದೆವು.

"ಸಾಕು ಅಜ್ಜಿ, ಕಣ್ಣು ಉರಿಯುತ್ತೆ!" ಎಂದಳು ನಿಕ್ಮಾ.

ಅದು ಗುರುವಾರ. ಎಷ್ಟೋ ವಾರಗಳಿಂದ ಬಟ್ಟಲು ಕಾಣದ ಕುನಿಪಾಳ ಹಲಗೆಯನ್ನು ಅವ್ವ ಒರೆಸಿದಳು. ನಿಕ್ಮಾ ಅಜ್ಜಿಯ ಮನಸ್ಸು ತಿಳಿದವಳ ಹಾಗೆ ಹಳೆಯ ಪೋಚಿಯನ್ನು ಕೆಳಗಿಳಿಸಿ ತಂದಳು.

"ಅದಲ್ಲ. ಇನ್ನೊಂದು ಕೊಡು."

ಹೊಸ ಪೋಚಿಯಿಂದ ಬಟ್ಟಲಿಗೆ ನೀರು ಬಗ್ಗಿಸಿದಳು. ಪಕ್ಕದಲ್ಲಿ ಸೀಬೆಹಣ್ಣಿನ ಒಂದು ಹೋಳು ಇಟ್ಟಳು. ಫೋಟೋದಲ್ಲಿ ಅಕ್ಕ ಬಿಳಿಚಿದ ತುಟಿಯಲ್ಲಿ ನಗುತ್ತಿದ್ದಳು, ಇಪ್ಪತ್ತೆರಡಕ್ಕೆ ನಿಂತುಹೋದ ನಗು.

"ಮೊದಲು ಇದು ಕುಡಿ ಮಗಳೇ" ಎಂದಳು ಅವ್ವ. "ಚಹಾ ಆಮೇಲೆ."

ನಾವು ಊಟ ಮಾಡಿದೆವು. ಪಾತ್ರೆ ತೊಳೆದೆವು. ಅವ್ವ ಆಗಾಗ ಗಡಿಯಾರ ನೋಡುತ್ತಿದ್ದಳು. ಸಾಕಷ್ಟು ಹೊತ್ತಾಗಿದೆ ಎನಿಸಿದಾಗ ಎದ್ದು, ಒಲೆ ಹೊತ್ತಿಸಿ, ಹಳೆಯ ಪೋಚಿಯಲ್ಲಿ ಚಹಾ ಇಳಿಸಿದಳು. ಮನೆಯೊಳಗೆ ಮತ್ತೆ ಮಲ್ಲಿಗೆ ಅರಳಿತು. ಕಲ್ಲುಸಕ್ಕರೆ ಹಾಕಿ ಕುನಿಪಾಳ ಹಲಗೆಯ ಬಳಿ ಒಯ್ದಳು.

ಆಮೇಲೆ ನನ್ನ ಕಡೆ ಕೈ ಚಾಚಿದಳು. "ನಿನ್ನ ಚಮಚ ಕೊಡೇ, ಆತುರಗಾರಿ."

ಕೊಟ್ಟೆ. ಅವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಆನಿಸಿಕೊಂಡು, ತಳದ ಸಕ್ಕರೆ ಪೂರ್ತಿ ಕರಗುವವರೆಗೆ ನಿಧಾನವಾಗಿ ಕಲಕಿದಳು. ಕೊನೆಯ ಗುಟುಕಿನವರೆಗೆ ಕಾಯಲಾಗದೆ ಹೋದ ಮಗಳಿಗೆ ಮೊದಲ ಗುಟುಕೇ ಸಿಹಿಯಾಗಲೆಂದು.